ಎಂ.ಎ.ಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಸಿದ್ಧಾಂತ ಮತ್ತು ನೀತಿ: ತಯಾರಿ ಹೇಗೆ?

ಶಿರಸಿಯಲ್ಲಿ ಬಿ.ಎ. ಮುಗಿಸಿದ್ದೀರಿ, ಧಾರವಾಡದಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಲಿದ್ದೀರಿ. ವ್ಯಾಪಾರದ ಪತ್ರಿಕೆ ಕಷ್ಟವಂತೆ, ಗಣಿತ ಅಷ್ಟಕ್ಕಷ್ಟೆ, ರಜೆಯಲ್ಲಿ ಏನು ಓದಿಕೊಳ್ಳಲಿ ಎಂದು ಕೇಳಿದ್ದೀರಿ.

ಗಣಿತದ ಭಯ ಬಿಡಿ. ಭಾಗಶಃ ಅವಕಲನ, ಲಗ್ರಾಂಜ್ ವಿಧಾನ, ಲಾಗರಿದಮ್, ಇವಿಷ್ಟು ಕೈಗೆ ಹತ್ತಿದ್ದರೆ ಮೊದಲ ವರ್ಷ ದಾಟಬಹುದು. ಹೆಚ್ಚಿನವರು ಎಡವುವುದು ಬೇರೆ ಕಡೆ. ರಿಕಾರ್ಡೊ, ಹೆಕ್ಷರ್-ಓಲಿನ್, ಲಿಯೊಂಟೀಫ್, ಕ್ರುಗ್‌ಮನ್ ಎಂದು ಅರ್ಥಶಾಸ್ತ್ರಜ್ಞರ ಹೆಸರುಗಳನ್ನು ಉರು ಹೊಡೆಯುತ್ತಾರೆ; ಬೆಲೆ ಬದಲಾದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಕೇಳಿದರೆ ಪೆನ್ನು ನಿಲ್ಲುತ್ತದೆ. ನನ್ನ ಸಲಹೆ ಇಷ್ಟೆ: ನಿಮ್ಮೂರಿನ ಒಂದೇ ಸರಕು ಹಿಡಿದು, ಪ್ರತಿ ಸಿದ್ಧಾಂತವನ್ನೂ ಅದರ ಮೇಲೆ ಹಚ್ಚಿ ನೋಡಿ. ಶಿರಸಿಯವರಿಗೆ ಅಡಿಕೆಗಿಂತ ಒಳ್ಳೆಯ ಸರಕು ಬೇಕೆ?

ಆರಂಭಕ್ಕೆ ಮಾತ್ರ ರಿಕಾರ್ಡೊನ 1817ರ ಲೆಕ್ಕವನ್ನೇ ಮಾಡಿ. ಬಟ್ಟೆಗೆ ಇಂಗ್ಲೆಂಡಿನಲ್ಲಿ 100, ಪೋರ್ಚುಗಲ್‌ನಲ್ಲಿ 90 ಜನರ ವರ್ಷದ ಶ್ರಮ. ವೈನ್‌ಗೆ 120 ಮತ್ತು 80. ಎರಡರಲ್ಲೂ ಪೋರ್ಚುಗಲ್ ಮುಂದಿದೆ ಎಂದು ನೋಡಿ ಅಲ್ಲೇ ನಿಂತರೆ ಉತ್ತರ ತಪ್ಪಿತು. ವೈನ್‌ನ ಶ್ರಮವನ್ನು ಬಟ್ಟೆಯ ಶ್ರಮದಿಂದ ಭಾಗಿಸಿ: ಒಂದು ಅಳತೆ ವೈನ್‌ಗೆ ಇಂಗ್ಲೆಂಡ್ ಬಿಟ್ಟುಕೊಡುವ ಬಟ್ಟೆ 1.2, ಪೋರ್ಚುಗಲ್ ಬಿಟ್ಟುಕೊಡುವುದು 0.89. ವಿನಿಮಯ ದರ ಈ ಎರಡರ ನಡುವೆ ಎಲ್ಲಿದ್ದರೂ ಇಬ್ಬರಿಗೂ ಲಾಭ. ಭಾಗಾಕಾರವನ್ನು ತಲೆಕೆಳಗು ಮಾಡುವುದು ತೀರಾ ಸಾಮಾನ್ಯ ತಪ್ಪು.

ದೇಶ ತನ್ನಲ್ಲಿ ಹೇರಳವಾಗಿರುವ ಉತ್ಪಾದನಾಂಗವನ್ನು (ಭೂಮಿ, ಶ್ರಮ, ಬಂಡವಾಳ) ಹೆಚ್ಚು ಬಳಸುವ ಸರಕನ್ನು ರಫ್ತು ಮಾಡುತ್ತದೆ ಎನ್ನುವ ಹೆಕ್ಷರ್-ಓಲಿನ್‌ಗೆ ಮೊದಲು, ಕೆಲವು ಉತ್ಪಾದನಾಂಗಗಳು ಒಂದೇ ಕ್ಷೇತ್ರಕ್ಕೆ ಅಂಟಿಕೊಂಡಿರುವ ನಿರ್ದಿಷ್ಟ ಉತ್ಪಾದನಾಂಗಗಳ ಮಾದರಿ ಓದಿ. ಅನೇಕರು ಅದನ್ನು ಹಾರಿಸಿಬಿಡುತ್ತಾರೆ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಧಾರಣೆ ಬಿತ್ತೆಂದು ತೋಟವನ್ನು ಮರುವರ್ಷವೇ ಬೇರೆ ಬೆಳೆಗೆ ತಿರುಗಿಸಲಾಗದು. ಹಾಗಾಗಿ ಬೆಲೆಯ ಏಟು ಹೆಚ್ಚಾಗಿ ಬೀಳುವುದು ತೋಟದ ಒಡೆಯನ ಮೇಲೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬೇರೆ ಕೆಲಸಕ್ಕೆ ಹೋಗಬಲ್ಲ. ಅವನ ನಿಜವೇತನ, ಅಂದರೆ ಕೂಲಿಯಿಂದ ಕೊಳ್ಳಬಲ್ಲ ಸರಕು, ಏರಿತೋ ಇಳಿಯಿತೋ ಎಂಬುದು ಅವನು ಯಾವ ಸರಕಿಗೆ ಹೆಚ್ಚು ಖರ್ಚು ಮಾಡುತ್ತಾನೆ ಎಂಬುದರ ಮೇಲೆ ನಿಂತಿದೆ. ಸರಕಿನ ಬೆಲೆ ಏರಿದರೆ ಅದರಲ್ಲಿ ಹೆಚ್ಚು ಬಳಕೆಯಾಗುವ ಉತ್ಪಾದನಾಂಗಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ ಎಂದು ಸ್ಟೋಲ್ಪರ್-ಸ್ಯಾಮ್ಯುಯೆಲ್ಸನ್ (1941) ಹೇಳುವುದು ಎಲ್ಲ ಉತ್ಪಾದನಾಂಗಗಳೂ ಕ್ಷೇತ್ರ ಬದಲಿಸಬಲ್ಲ ದೀರ್ಘಾವಧಿಯ ಮಾತು. ಅಲ್ಪಾವಧಿಯ ಪ್ರಶ್ನೆಗೆ ಅದನ್ನು ಬರೆದರೆ ಅಂಕ ಹೋಗುತ್ತದೆ.

ನೀತಿಯ ಭಾಗದಲ್ಲಿ ಸುಂಕದ ಚಿತ್ರವೇ ಜೀವಾಳ. ಅಂಕಿ ಹಾಕಿ ಬಿಡಿಸಿ. ವಿಶ್ವ ಬೆಲೆ ಕೆ.ಜಿ.ಗೆ 200 ರೂ. ಎಂದುಕೊಳ್ಳಿ, ಆಗ ದೇಶದ ಬೇಡಿಕೆ 100 ಕೆ.ಜಿ., ಪೂರೈಕೆ 40. ಶೇ. 100 ಸುಂಕ ಹಾಕಿದರೆ ಬೆಲೆ 400. ಬೇಡಿಕೆ 80ಕ್ಕೆ ಇಳಿದು, ಪೂರೈಕೆ 60ಕ್ಕೆ ಏರಿತು. ರೇಖೆಗಳು ನೇರವಾಗಿದ್ದರೆ ಗ್ರಾಹಕರಿಗೆ ನಷ್ಟ 18,000 ರೂ., ಬೆಳೆಗಾರರಿಗೆ ಲಾಭ 10,000, ಸರ್ಕಾರಕ್ಕೆ ಸುಂಕ 4,000. ಉಳಿದ 4,000 ಯಾರ ಕೈಗೂ ಸೇರದ ನಷ್ಟ. ಅದು 2,000ದ ಎರಡು ತ್ರಿಕೋನ. ಈಗ ಸುಂಕವನ್ನು ಶೇ. 200 ಮಾಡಿ. ಬೆಲೆ 600 ಎಂದು ಬರೆಯಲು ಕೈ ಓಡುತ್ತದೆ, ಆದರೆ ಇದೇ ರೇಖೆಗಳು 500ರಲ್ಲೇ ಕೂಡುತ್ತವೆ. ಆಮದು ಸೊನ್ನೆ, ಸುಂಕದ ಆದಾಯವೂ ಸೊನ್ನೆ.

ಇನ್ನು ಕನಿಷ್ಠ ಆಮದು ಬೆಲೆ. ಅಡಿಕೆಗೆ ಅದು ಕೆ.ಜಿ.ಗೆ 251 ರೂ. ಇತ್ತು, 2023ರ ಫೆಬ್ರವರಿಯಲ್ಲಿ 351 ಆಯಿತು. ಮೂಲ ಸುಂಕ ಶೇ. 100. ಸಿಐಎಫ್ ಬೆಲೆ, ಅಂದರೆ ವಿಮೆ ಮತ್ತು ಹಡಗು ಬಾಡಿಗೆ ಸೇರಿದ ಬೆಲೆ, 351ಕ್ಕಿಂತ ಕಡಿಮೆ ಇದ್ದರೆ ಆಮದು ನಿಷಿದ್ಧ. ಈ ಎರಡು ಕ್ರಮಗಳನ್ನು ಜೋಡಿಸಿ ನೋಡುವುದನ್ನು ದಯವಿಟ್ಟು ಕಲಿಯಿರಿ. ಪೂರ್ತಿ ಸುಂಕ ಕಟ್ಟಬೇಕಾದವನು ಇನ್‌ವಾಯ್ಸ್‌ನಲ್ಲಿ 100 ರೂ. ಹೆಚ್ಚು ತೋರಿಸಿದರೆ ಅಷ್ಟೇ ಹೆಚ್ಚು ಸುಂಕವನ್ನೂ ತೆರಬೇಕು. ವ್ಯಾಪಾರ ಒಪ್ಪಂದದಡಿ ಸುಂಕವೇ ಇಲ್ಲದೆ ತರುವವನಿಗೆ ಆ ಹೊರೆ ಇಲ್ಲ. ಬಿಲ್ಲಿನಲ್ಲಿ 351 ದಾಟಿಸಿದರಾಯಿತು. ಆದ್ದರಿಂದಲೇ ಮೂಲದೇಶ ನಿಯಮಕ್ಕೆ ಅಷ್ಟು ಮಹತ್ವ: ಸರಕು ನಿಜಕ್ಕೂ ಆ ದೇಶದಲ್ಲೇ ಬೆಳೆದದ್ದೋ, ಬರೀ ಅಲ್ಲಿಂದ ಹಾದು ಬಂದದ್ದೋ?

ಕಾನೂನಿನ ಕಡೆ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದವಾದ ಗ್ಯಾಟ್‌ನ 1, 3, 11, 20 ಮತ್ತು 24ನೇ ವಿಧಿಗಳ ಮೂಲಪಾಠವನ್ನೇ ಓದಿ. ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ಅದರ ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿ ನೋಡಿ. ಸಾಮಾನ್ಯ ಸುಂಕಕ್ಕೆ ಬದಲಾಯಿಸಬೇಕಾಗಿದ್ದ ಕ್ರಮಗಳ ಪಟ್ಟಿಯಲ್ಲಿ ಕನಿಷ್ಠ ಆಮದು ಬೆಲೆಯ ಹೆಸರೇ ಇದೆ. ನಮ್ಮ ಬೆಳೆಗಾರರಿಗೆ ಆಸರೆಯಾದ ಕ್ರಮ ಡಬ್ಲ್ಯುಟಿಒ ಚೌಕಟ್ಟಿನಲ್ಲಿ ಎಷ್ಟು ಗಟ್ಟಿ ಎಂಬುದು ಪ್ರಬಂಧಕ್ಕೆ ಒಳ್ಳೆಯ ಪ್ರಶ್ನೆ.

ಅಂಕಿಅಂಶಕ್ಕೆ ವಾಣಿಜ್ಯ ಸಚಿವಾಲಯದ ಆಮದು-ರಫ್ತು ಡೇಟಾ ಬ್ಯಾಂಕ್ ಸಾಕು. ಸರಕುಗಳನ್ನು ವರ್ಗೀಕರಿಸುವ ಎಚ್‌ಎಸ್ ಕೋಡ್‌ನ ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ, ಭಾರತದ್ದು ಎಂಟು. ಅಡಿಕೆ 080280, ಪುಡಿ ಮಾಡದ ಕಾಳುಮೆಣಸು 090411. ಅಡಿಕೆಯ ಕೋಡ್ ಒಂದನ್ನೇ ನೋಡಿ ಮುಗಿಸಬೇಡಿ: ಹುರಿದ ಅಡಿಕೆ ಕೋಡ್ ಪಟ್ಟಿಯ 8ನೇ ಅಧ್ಯಾಯಕ್ಕೆ ಸೇರಬೇಕೋ 20ಕ್ಕೋ ಎಂಬ ತಕರಾರು ಕೋರ್ಟ್ ಮೆಟ್ಟಿಲೇರಿದೆ, ಹಾಗಾಗಿ ಆಮದಿನ ಒಂದು ಭಾಗ ಬೇರೆ ಸಾಲಿನಲ್ಲಿ ಅಡಗಿರಬಹುದು. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ ಕೆ.ಜಿ. ಬೆಲೆ ತೆಗೆಯಿರಿ. 2023ರ ನಂತರ ಅದು ಒಮ್ಮೆಲೇ 351ರ ಆಸುಪಾಸಿಗೆ ಜಿಗಿದಿದ್ದರೆ, ವಿಶ್ವ ಮಾರುಕಟ್ಟೆಯಲ್ಲಿ ಅಡಿಕೆ ತುಟ್ಟಿಯಾಯಿತು ಎಂದು ಬರೆಯುವ ಮುನ್ನ ಕನಿಷ್ಠ ಆಮದು ಬೆಲೆಯ ಅಧಿಸೂಚನೆಯ ತಾರೀಕು ನೋಡಿ.