ಸಂಪಾದಕರ ಉತ್ತರ: ಮುಂಗಡ ಕೊಟ್ಟವರ ಪಾಲು

ಮಾನ್ಯರೇ,

ಚಿಂತಾಮಣಿಯಿಂದ ತಾವು ಬರೆದ ಪತ್ರ ತಲುಪಿದೆ. ಮಕ್ಕಳನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಸರ್ಕಾರಗಳಿಗೆ ಸೇನಾ ನೆರವು ಪೂರ್ತಿ ನಿಲ್ಲಬೇಕೆಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದಕ್ಕೆ ತಮ್ಮ ಆಕ್ಷೇಪವಿದೆ. ನೆರವು ನಿಂತರೆ ಆ ಸರ್ಕಾರ ಮತ್ತೊಬ್ಬರ ಬಾಗಿಲು ತಟ್ಟುತ್ತದೆ, ಕೊಡುವವರಿಗಿದ್ದ ಅಷ್ಟಿಷ್ಟು ಹಿಡಿತವೂ ತಪ್ಪುತ್ತದೆ, ಮಕ್ಕಳು ಮಾತ್ರ ಅಲ್ಲೇ ಉಳಿಯುತ್ತಾರೆ ಎನ್ನುತ್ತೀರಿ. ಹದಿನೇಳೂವರೆ ವರ್ಷಕ್ಕೇ ಸೇನೆಗೆ ಭರ್ತಿ ಮಾಡಿಕೊಳ್ಳುವ ನಮಗೆ ಈ ಮಾತಾಡುವ ಹಕ್ಕೆಲ್ಲಿದೆ ಎಂದೂ ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಚಿಕ್ಕದು. ಮಕ್ಕಳನ್ನು ಯುದ್ಧಕ್ಕೆ ಬಳಸುವುದನ್ನು ತಡೆಯುವ ವಿಶ್ವಸಂಸ್ಥೆಯ 2000ದ ಐಚ್ಛಿಕ ಒಡಂಬಡಿಕೆಗೆ ಭಾರತ 2005ರಲ್ಲಿ ಒಪ್ಪಿಗೆ ಕೊಡುವಾಗ, ಭರ್ತಿ ಸ್ವಇಚ್ಛೆಯದೆಂದೂ, 18 ತುಂಬಿದ ಮೇಲಷ್ಟೇ ಕಾರ್ಯಾಚರಣೆಯ ಪ್ರದೇಶಕ್ಕೆ ಕಳಿಸುವುದಾಗಿಯೂ ಘೋಷಿಸಿದೆ. ಭರ್ತಿಗೆಂದು ಬೆಳಗಿನ ಜಾವ ಓಡಿ ಮೈ ಹುರಿಗೊಳಿಸುವ ನಮ್ಮೂರಿನ ಹುಡುಗನನ್ನೂ, ಹನ್ನೆರಡರಲ್ಲೇ ಊರಿನಿಂದ ಎಳೆದೊಯ್ದು ಬಂದೂಕು ಹೊರಿಸಿದ ಬಾಲಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲನೆಯ ವಾದ ಗಟ್ಟಿಯಾದದ್ದು, ನಮ್ಮ ಜಿಲ್ಲೆಗೆ ಹಳೆಯದೂ ಹೌದು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಮಕ್ಕಳು ದುಡಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಒಳಗೆ ಹೋಗಿದ್ದೆ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹುಡುಕಿ ಹುಡುಕಿ ಹುಡುಗಿಯೊಬ್ಬಳ ಬೆರಳ ತುದಿಗಳು ಬಿಳಿಚಿ ಊದಿಕೊಂಡಿದ್ದವು. ಅವಳಪ್ಪನಿಗೆ ಮುಂಗಡ ಕೊಟ್ಟಿದ್ದ ಯಜಮಾನ, “ನಾನು ಬಿಟ್ರೆ ಪಕ್ಕದೋನು ಇಟ್ಕೊಂತಾನೆ ಸಾರ್” ಎಂದ. ಅವನ ಮಾತು ಸುಳ್ಳಲ್ಲ. ಆದರೆ ಪಕ್ಕದವನು ನಾಳೆ ಮಾಡಬಹುದಾದ ತಪ್ಪಿನಿಂದ ಇವನ ಲೆಕ್ಕದ ಪುಸ್ತಕದಲ್ಲಿ ಬರೆದಿದ್ದ ಮುಂಗಡ ಅಳಿಸಿಹೋಗಲಿಲ್ಲ.

ಕೊಟ್ಟವರನ್ನು ನ್ಯಾಯಾಲಯವೂ ಬಿಟ್ಟಿಲ್ಲ. ಸಿಯೆರಾ ಲಿಯೋನ್‌ನ ಬಂಡುಕೋರರಿಗೆ ಆಯುಧ ಒದಗಿಸಿದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆವಾಸವಾಯಿತು; ಸಾಬೀತಾದ ಆರೋಪಗಳಲ್ಲಿ, ಹದಿನೈದು ತುಂಬದ ಮಕ್ಕಳನ್ನು ಯುದ್ಧಕ್ಕೆ ಬಳಸಿದ ಅಪರಾಧಕ್ಕೆ ನೆರವಾದದ್ದೂ ಒಂದು. ಅವರು ಬೆಂಬಲಿಸಿದ್ದು ಸರ್ಕಾರವನ್ನಲ್ಲ ಎಂದು ತಾವು ನೆನಪಿಸಬಹುದು, ಸರಿಯೇ. ಬಂದೂಕು ಹೊತ್ತ ಮಗುವಿಗೆ ಆ ವ್ಯತ್ಯಾಸ ತಿಳಿಯುತ್ತದೆಯೇ?

ಇನ್ನು ಹಿಡಿತದ ಮಾತು. ಬಾಲ ಸೈನಿಕರನ್ನು ಬಳಸುವ ಸರ್ಕಾರಗಳಿಗೆ ಸೇನಾ ನೆರವನ್ನು ತಡೆಯುವ ಕಾನೂನನ್ನು ಅಮೆರಿಕ 2008ರಲ್ಲಿ ತಂದಿತು. ರಾಷ್ಟ್ರಹಿತದ ಹೆಸರಿನಲ್ಲಿ ಅಧ್ಯಕ್ಷರು ವಿನಾಯಿತಿ ಕೊಡಬಹುದೆಂಬ ಕಿಂಡಿಯನ್ನೂ ಬಿಟ್ಟಿತು. 2010ರ ಮೊದಲ ಪಟ್ಟಿಯ ಆರು ದೇಶಗಳ ಪೈಕಿ ಚಾಡ್, ಕಾಂಗೋ, ಸುಡಾನ್, ಯೆಮನ್ ಈ ನಾಲ್ಕೂ ಆ ಕಿಂಡಿಯಿಂದಲೇ ಪಾರಾದವು. ಮರುವರ್ಷ ಕಾಂಗೋಗೆ ಮಾತ್ರ ವಿನಾಯಿತಿ ಅರೆಬರೆಯಾಗಿ, ನೆರವಿನ ಒಂದು ಭಾಗ ತಡೆಯಲ್ಲಿ ಉಳಿಯಿತು. 2012ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಮಕ್ಕಳನ್ನು ಸೇನೆಯಿಂದ ಬಿಡಿಸುವ ಕಾರ್ಯಯೋಜನೆಗೆ ವಿಶ್ವಸಂಸ್ಥೆಯೊಂದಿಗೆ ಸಹಿ ಹಾಕಿತು. ಅದೊಂದೇ ಕಾರಣ ಎನ್ನಲಾರೆ. ಆದರೆ ಹಿಡಿತವಿದೆ ಎನ್ನುವವರು ಹಗ್ಗವನ್ನು ಒಮ್ಮೆಯಾದರೂ ಜಗ್ಗಿ ತೋರಿಸಬೇಕಲ್ಲವೇ?

ಒಂದನ್ನು ಒಪ್ಪುತ್ತೇನೆ: “ಪೂರ್ತಿ ನಿಲ್ಲಬೇಕು” ಎಂದದ್ದು ಅವಸರದ ಮಾತು. ಸೈನಿಕರ ವಯಸ್ಸು ಪರಿಶೀಲಿಸುವುದಕ್ಕೂ, ಬಿಡುಗಡೆಯಾದ ಮಕ್ಕಳನ್ನು ಮನೆ ಸೇರಿಸುವುದಕ್ಕೂ ಹಣ ಹೋಗಲಿ. ಬಂದೂಕು, ಗುಂಡು ಮಕ್ಕಳು ಹೊರಬರುವವರೆಗೆ ಕಾಯಲಿ.

ನಮ್ಮ ಹಕ್ಕಿನ ಬಗ್ಗೆ ತಾವು ಕೇಳಿದ ಪ್ರಶ್ನೆ ತಾಗಬೇಕಾದ್ದು ಬೇರೆ ಕಡೆ. ಆಯುಧ ಮಾರುವ ಮೊದಲು ಅದರಿಂದಾಗಬಹುದಾದ ಅನಾಹುತವನ್ನು ಅಳೆಯಬೇಕೆನ್ನುವ ಅಂತಾರಾಷ್ಟ್ರೀಯ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದ 2013ರಲ್ಲಿ ಮತಕ್ಕೆ ಬಂದಾಗ, ಅದು ಮಾರುವ ದೇಶಗಳ ಕಡೆಗೆ ವಾಲಿದೆಯೆಂದು ಭಾರತ ಮತ ಹಾಕದೆ ಉಳಿಯಿತು. ಕೊಳ್ಳುವವರಾಗಿ ಆಡಿದ ಮಾತು ಅದು. ಬ್ರಹ್ಮೋಸ್ ಕ್ಷಿಪಣಿಯನ್ನು ರಫ್ತು ಮಾಡುತ್ತಿರುವ ಈಗ ನಾವೂ ಮಾರುವವರ ಸಾಲಿನಲ್ಲಿದ್ದೇವೆ.

– ಸಂಪಾದಕ, ಚಿಕ್ಕಬಳ್ಳಾಪುರ