ಮಳೆ ಹಿಡಿದ ಮೇಲೆ ಟ್ಯೂನರ್ ಏಕೆ ಹೊಂದುತ್ತಿಲ್ಲ?

ಪ್ರಶ್ನೆ: ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋ ಸೆಟ್ಟಿಗೆ ಮಾಳಿಗೆಯಿಂದ ಹಿತ್ತಲಿನ ಬೇವಿನ ಮರಕ್ಕೆ 40 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ನಡುವೆ ಕೇಬಲ್ ಜೋಡಿಸಿದ ತಂತಿ ಆಂಟೆನಾ, ಕಟ್ಟಿದ್ದೇನೆ. ಬೇಸಿಗೆಯಲ್ಲಿ ಆಟೊ ಟ್ಯೂನರ್ ಸೆಟ್ಟಿಗೆ ಆಂಟೆನಾವನ್ನು ಎರಡೇ ಸೆಕೆಂಡಿನಲ್ಲಿ ಹೊಂದಿಸುತ್ತಿತ್ತು. ಮಳೆ ಹಿಡಿದ ಮೇಲೆ ಅದರೊಳಗಿನ ರಿಲೇಗಳು (ವಿದ್ಯುತ್ ಸ್ವಿಚ್ಚುಗಳು) ಟಕಟಕ ಬಡಿದು ಬಡಿದು ಕೊನೆಗೆ ನಿಂತುಬಿಡುತ್ತವೆ. ರಿಪೇರಿಗೆ ಕಳುಹಿಸಲೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಈಗಲೇ ಕಳುಹಿಸಬೇಡಿ. ನಿಮ್ಮ ಟ್ಯೂನರ್ ದೂರು ಹೇಳುತ್ತಿದೆ, ಅಷ್ಟೇ. ಕಾಯಿಲ್ ಮತ್ತು ಕೆಪಾಸಿಟರ್‌ಗಳ ಒಂದೊಂದೇ ಜೋಡಣೆಯನ್ನು ರಿಲೇಗಳ ಮೂಲಕ ಹಾಕಿ ನೋಡುವುದು ಅದರ ಕೆಲಸ. ಯಾವುದೂ ಹೊಂದದಿದ್ದರೆ ಬಡಿದು ಬಡಿದು ಕೊನೆಗೆ ಕೈಬಿಡುತ್ತದೆ.

ಮೊದಲು ಆಂಟೆನಾ ಕೇಬಲ್ ಬಿಚ್ಚಿ, ಆ ಜಾಗದಲ್ಲಿ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾದ ಬದಲಿಗೆ ಶಕ್ತಿ ಹೀರುವ ಪ್ರತಿರೋಧಕ) ಹಾಕಿ. ಟ್ಯೂನರ್ ತಕ್ಷಣ ಹೊಂದಿಕೊಂಡು ಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ, 1 ಎಂದರೆ ಪೂರ್ತಿ ಹೊಂದಿದೆ) 1ರ ಹತ್ತಿರ ಬಂದರೆ ದೋಷ ಬಹುತೇಕ ಹೊರಗಿದೆ. ಅಲ್ಲೂ ತಡಕಾಡಿದರೆ ಸೆಟ್ಟಿನಿಂದ ಟ್ಯೂನರ್‌ಗೆ ಹೋಗುವ ತುಂಡು ಕೇಬಲ್ಲನ್ನೂ ವಿದ್ಯುತ್ ಪೂರೈಕೆಯನ್ನೂ ನೋಡಿ. ಬ್ಯಾಟರಿ ಇಳಿದಿದ್ದರೆ ರಿಲೇಗಳು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.

ಹೊರಗಿನ ದೋಷವೆಂದರೆ ನನ್ನ ಮೊದಲ ಅನುಮಾನ ಡೈಪೋಲಿನ ನಡುವಿನ ಕನೆಕ್ಟರ್ ಮೇಲೆ. ಕಳೆದ ಆಷಾಢದಲ್ಲಿ ನನ್ನ ಮಾಳಿಗೆಯಲ್ಲೂ ಹೀಗೆಯೇ ಆಗಿತ್ತು. ಕನೆಕ್ಟರ್ ತಿರುಗಿಸಿ ತೆಗೆದಾಗ ಅಂಗೈ ಮೇಲೆ ನಾಲ್ಕು ಹನಿ ನೀರು ಬಿತ್ತು. ಕೇಬಲ್ಲಿನ ತಾಮ್ರದ ಹೆಣಿಗೆ ಕಪ್ಪಾಗಿ, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ದೀಪದ ಬತ್ತಿ ಎಣ್ಣೆ ಎಳೆದಂತೆ ಆ ಹೆಣಿಗೆ ನೀರನ್ನು ಒಳಗೊಳಗೇ ಎಳೆಯುತ್ತದೆ. ಹೊಳೆಯುವ ತಾಮ್ರ ಕಾಣುವವರೆಗೂ ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಅದರ ಮೇಲೆ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ನಂತರ ಪಿವಿಸಿ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಬರುವಲ್ಲಿ ಒಂದಿಷ್ಟು ಜೋಲುಬಿಡಿ. ನೀರು ಅಲ್ಲೇ ತೊಟ್ಟಿಕ್ಕಲಿ.

ಬೇವಿನ ಮರವನ್ನೂ ನೋಡಿ. ಡೈಪೋಲಿನ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚು. ಒದ್ದೆ ಎಲೆ ತಾಗಿದರೆ ಆಂಟೆನಾ ತಾನಾಗಿ ಹೊಂದುವ ಆವರ್ತನ (ಅನುರಣನ) ಕೆಳಗಿಳಿಯುತ್ತದೆ, ಗಾಳಿ ಬೀಸಿದಂತೆಲ್ಲ ಟ್ಯೂನರ್ ಹೊಸದಾಗಿ ಹುಡುಕುತ್ತದೆ. ತಂತಿಯ ತುದಿ ಕೊಂಬೆಯಿಂದ ಒಂದೆರಡು ಮೀಟರ್ ಈಚೆಗಿರಲಿ, ಉಳಿದ ದೂರಕ್ಕೆ ನೈಲಾನ್ ಹಗ್ಗ ಸಾಕು.

ಒಂದು ಮಾತು ಒತ್ತಿ ಹೇಳುತ್ತೇನೆ: ಟ್ಯೂನ್ ಮಾಡುವಾಗ 10 ವಾಟ್ ಸಾಕು. ಪೂರ್ಣ ಶಕ್ತಿಯಲ್ಲಿ ರಿಲೇ ಬದಲಾದರೆ ಕಿಡಿ ಹಾರಿ ಅದರ ತುದಿಗಳು ಸುಡುತ್ತವೆ. ಆಗ ನಿಜಕ್ಕೂ ರಿಪೇರಿ ಬೇಕಾಗುತ್ತದೆ. ಗುಡುಗು ಕೇಳಿಸಿತೆಂದರೆ ಮಾಳಿಗೆ ಹತ್ತಬೇಡಿ.

ಪ್ರಶ್ನೆ: ನನ್ನ 40 ಮೀಟರ್ ಡೈಪೋಲ್ 21 ಮೆಗಾಹರ್ಟ್ಸ್‌ನಲ್ಲಿ ಹೊಂದುತ್ತದೆ, 14ರಲ್ಲಿ ಮಾತ್ರ ಸೆಟ್ಟಿನೊಳಗಿನ ಟ್ಯೂನರ್ ಒಪ್ಪುವುದಿಲ್ಲ.
– ಓದುಗರೊಬ್ಬರು, ಗದಗ

ಉತ್ತರ: 21 ಎಂದರೆ 40 ಮೀಟರ್ ಬ್ಯಾಂಡಿನ 7 ಮೆಗಾಹರ್ಟ್ಸ್‌ನ ಮೂರು ಪಟ್ಟು. ಅಲ್ಲಿ ಡೈಪೋಲಿನ ನಡುಭಾಗದ ಪ್ರತಿರೋಧ ಮತ್ತೆ ಕಡಿಮೆಯಾಗುತ್ತದೆ. 14ರಲ್ಲಿ ಅದೇ ತಂತಿ ಪೂರ್ಣ ತರಂಗದ ಉದ್ದವಾಗಿ, ಪ್ರತಿರೋಧ ಸಾವಿರಾರು ಓಮ್‌ಗೆ ಏರುತ್ತದೆ. ಸೆಟ್ಟಿನೊಳಗಿನ ಟ್ಯೂನರ್‌ಗಳು ಸಾಮಾನ್ಯವಾಗಿ ಎಸ್‌ಡಬ್ಲ್ಯುಆರ್ 3ರವರೆಗೆ ಮಾತ್ರ ಸಂಭಾಳಿಸುತ್ತವೆ. ಹೊರಗಿನ ದೊಡ್ಡ ಟ್ಯೂನರ್ ತಂದರೆ ಮೀಟರಿನಲ್ಲಿ 1 ತೋರಿಸಬಹುದು, ಆದರೆ ಕೇಬಲ್ಲಿನೊಳಗೆ ಶಕ್ತಿ ಬಿಸಿಯಾಗಿ ಹೋಗುವುದು ತಪ್ಪುವುದಿಲ್ಲ. ಆ ಖರ್ಚು ಬೇಡ. ಅದೇ ನಡುಬಿಂದುವಿಗೆ ಎರಡೂ ಕಡೆ ಸುಮಾರು 5 ಮೀಟರ್‌ನ ಇನ್ನೊಂದು ಜೊತೆ ತಂತಿ ಕಟ್ಟಿ. ಮೊದಲು ಒಂದು ಗೇಣು ಹೆಚ್ಚಿಗೆ ಬಿಟ್ಟುಕೊಂಡು, ಎಸ್‌ಡಬ್ಲ್ಯುಆರ್ ನೋಡುತ್ತಾ ಎರಡೂ ತುದಿಗಳನ್ನು ಸಮನಾಗಿ ಕತ್ತರಿಸುತ್ತ ಬನ್ನಿ.