ನಿಂಬೆ ಗಾತ್ರದ ಉಂಡೆಗೆ ಇಡೀ ಮಧ್ಯಾಹ್ನ ಯಾಕೆ?

ಕೊಡಗಿನ ಸೋಮವಾರಪೇಟೆ ಬದಿಯ ಕಾಫಿ ಬೆಳೆಗಾರರೊಬ್ಬರ ಪತ್ರ: "ತೋಟದ ಅಂಚಿನಲ್ಲಿ ಮೇಯುತ್ತಿದ್ದ ನಮ್ಮ ಹಸು, ಹಂದಿಗೆಂದು ಯಾರೋ ಇಟ್ಟಿದ್ದ ಸಿಡಿಮದ್ದು ಕಚ್ಚಿ ದವಡೆ ಒಡೆದುಕೊಂಡು ಸತ್ತಿತು. ಅಲ್ಲೇ ಇನ್ನೆರಡು ಉಂಡೆ ಕಂಡವು. ಬಾಂಬ್ ದಳದವರು ಬಂದು, ಕುಯ್ಲಿನ ಆಳುಗಳನ್ನೆಲ್ಲ ಹೊರಗೆ ಕಳಿಸಿ ಇಡೀ ಮಧ್ಯಾಹ್ನ ಕಳೆದರು. ತೋಟ ನೋಡಿಕೊಳ್ಳುವ ನಮ್ಮ ರೈಟರ್ ಆಗಿದ್ದರೆ ಬಕೆಟ್ ನೀರಿಗೆ ಹಾಕಿ ಮುಗಿಸುತ್ತಿದ್ದ. ಕೋವಿ ಹಿಡಿದು ಬೆಳೆದ ನಾಡಿಗೆ ಇಷ್ಟು ಹೆದರಿಕೆಯೇ? ಇನ್ನೊಂದು: ಅವರನ್ನು ನೋಡಿದಾಗಿನಿಂದ ಪಿಯುಸಿ ಓದುವ ನನ್ನ ಮಗಳು ಇದೇ ಕೆಲಸ ಮಾಡುತ್ತೇನೆ ಅನ್ನುತ್ತಿದ್ದಾಳೆ. ದಾರಿ ಯಾವುದು?"

ಸಂಪಾದಕರ ಉತ್ತರ:

ಮಾನ್ಯರೇ, ಹಸುವಿನ ಸುದ್ದಿ ಓದಿ ಸಂಕಟವಾಯಿತು. ಆದರೆ ನಿಮ್ಮ ರೈಟರ್ ಆ ಬಕೆಟ್ ತರದೇ ಇದ್ದದ್ದು ನಿಮ್ಮ ಪುಣ್ಯ.

ಕಾರ್ಖಾನೆಯಲ್ಲಿ ತಯಾರಾದ ಗ್ರೆನೇಡಿಗೆ ಪಿನ್ ಇರುತ್ತದೆ, ಗಣಿಯಲ್ಲಿ ಬಳಸುವ ಸ್ಫೋಟಕಕ್ಕೆ ಡಿಟೊನೇಟರ್ ಬೇಕು. ಅಂದರೆ ಸಿಡಿಯುವುದಕ್ಕೂ ಸಿಡಿಯದಿರುವುದಕ್ಕೂ ನಡುವೆ ಒಂದು ಬಾಗಿಲಿದೆ. ಹಂದಿಗೆ ಇಡುವ ಉಂಡೆಯಲ್ಲಿ ಆ ಬಾಗಿಲೇ ಇಲ್ಲ. ತಂತಿಯಿಲ್ಲ, ಬತ್ತಿಯಿಲ್ಲ, ಬ್ಯಾಟರಿಯಿಲ್ಲ. ಹಲ್ಲಿನ ಒತ್ತಡಕ್ಕೇ ಸಿಡಿಯಲೆಂದು ಮಾಡಿದ್ದು. ಬೆರಳಿನ ಒತ್ತಡಕ್ಕೆ, ಬಕೆಟ್ಟಿನ ಅಂಚಿಗೆ ತಗುಲಿದ್ದಕ್ಕೆ ಸಿಡಿಯುವುದಿಲ್ಲ ಎಂದು ಹೇಳುವವರು ಯಾರು? ಮದ್ದು ಎಷ್ಟು, ಒಳಗೆ ಕಲ್ಲಿದೆಯೋ ಗಾಜಿದೆಯೋ, ಅದು ಕಟ್ಟಿದವನಿಗೆ ಮಾತ್ರ ಗೊತ್ತು. ಮೇಲೆ ಪ್ಲಾಸ್ಟಿಕ್ ಸುತ್ತಿದ್ದರೆ ನೀರು ಒಳಗೆ ಇಳಿಯುವುದೂ ಇಲ್ಲ. ಸಿನಿಮಾದಲ್ಲಿ ಕೆಂಪು ತಂತಿ ಕತ್ತರಿಸಿ ಬೆವರು ಒರೆಸಿಕೊಳ್ಳುತ್ತಾರಲ್ಲ, ಇಲ್ಲಿ ಕತ್ತರಿಸಲು ಏನೂ ಇಲ್ಲ. ಹಾಗಾಗಿ ಸಾಧ್ಯವಾದಷ್ಟು ಮಟ್ಟಿಗೆ ಕೈಯಿಂದ ಎತ್ತುವುದಿಲ್ಲ. ಸುತ್ತ ಮರಳಿನ ಮೂಟೆ ಪೇರಿಸಿ ಇದ್ದಲ್ಲೇ ಸಿಡಿಸುತ್ತಾರೆ, ಇಲ್ಲವೇ ದೂರದಿಂದ ಹಗ್ಗಕ್ಕೆ ಕೊಕ್ಕೆ ಹಾಕಿ ಜರುಗಿಸುತ್ತಾರೆ.

ಅದಕ್ಕೂ ಮೊದಲು ಹುಡುಕಾಟ. ಎರಡು ಕಂಡಿವೆ ಎಂದರೆ ಮೂರನೆಯದು ಇರಬಹುದು. ನಾಯಿ ಬಿಟ್ಟು ಮೂಸಿಸಬೇಕು, ಕಾಫಿ ಗಿಡದ ಬುಡ, ತರಗೆಲೆಯ ರಾಶಿ ನೋಡಬೇಕು. ನಿಮ್ಮ ಆಳುಗಳನ್ನು ಹೊರಗೆ ಕಳಿಸಿದ್ದು ಇದಕ್ಕೇ. ಆಮೇಲೆ ಮುಂದೆ ಹೋಗುವುದು ಒಬ್ಬರೇ, ಉಳಿದವರು ಹಿಂದೆ. ಇಬ್ಬರು ಯಾಕೆ ಸಾಯಬೇಕು ಎಂಬ ಲೆಕ್ಕ ಅದು, ಕೇಳಲು ಕಠೋರ. ಆ ಒಬ್ಬರು ತೊಡುವ ಸೂಟ್ 35 ಕಿಲೋಗೂ ಹೆಚ್ಚು ತೂಗುತ್ತದೆ. ಅಷ್ಟೆಲ್ಲ ಹೊತ್ತರೂ ಅಂಗೈ ಮಾತ್ರ ಸಾಮಾನ್ಯವಾಗಿ ಬರಿದು, ದಪ್ಪ ಗ್ಲೌಸ್ ಹಾಕಿದರೆ ಬೆರಳಿಗೆ ಸೂಕ್ಷ್ಮ ತಿಳಿಯುವುದಿಲ್ಲ. ನಿಮ್ಮ ತೋಟದ ಇಳಿಜಾರಿನಲ್ಲಿ ಆ ಭಾರ ಹೊತ್ತು ಇಳಿಯುವುದನ್ನು ಊಹಿಸಿ. ರೋಬೊ ಇಲ್ಲವೇ ಎಂದು ಕೇಳಬಹುದು. 1972ರಲ್ಲಿ ಬ್ರಿಟಿಷ್ ಸೇನೆ ಉತ್ತರ ಐರ್ಲೆಂಡಿಗಾಗಿ ಕೈಗಾಡಿಯ ಚಾಸಿಯ ಮೇಲೆ ಮೊದಲ ರೋಬೊ ಕಟ್ಟಿತು, ಹೆಸರೂ ವೀಲ್‌ಬ್ಯಾರೋ. ರಸ್ತೆ, ವಿಮಾನ ನಿಲ್ದಾಣಗಳಿಗೆ ಇಂಥವು ಸರಿ. ರೊಬಸ್ಟಾ ಕಾಫಿ ಸಾಲಿನ ನಡುವೆ ತೂರಿಸುವುದು ಕಷ್ಟ.

ಹೊತ್ತು ಹಿಡಿಯುವುದು ಹಳ್ಳಿಯಲ್ಲಿ ಮಾತ್ರವೂ ಅಲ್ಲ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬೆಳಿಗ್ಗೆ ಸಿಕ್ಕ ಬ್ಯಾಗನ್ನು ಕೆಂಜಾರಿನ ಬಯಲಿಗೆ ಒಯ್ದು ಸಿಡಿಸುವಷ್ಟರಲ್ಲಿ ಸಂಜೆಯಾಗಿತ್ತು. ಟಿವಿಯಲ್ಲಿ ನೋಡುತ್ತಿದ್ದವರಿಗೆ ಬೇಸರ ಬಂದಿರಬಹುದು. ಬೇಸರ ಬಂದಿತೆಂದರೆ ಕೆಲಸ ಸರಿಯಾಗಿ ನಡೆದಿದೆ ಎಂದೇ ನಾನು ತಿಳಿಯುತ್ತೇನೆ. ಅನುಭವಿಗಳಿಗೂ ಅಪಾಯ ತಪ್ಪಿದ್ದಲ್ಲ: ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್, ರಾಷ್ಟ್ರೀಯ ಭದ್ರತಾ ಪಡೆಯ (ಎನ್‌ಎಸ್‌ಜಿ) ಬಾಂಬ್ ನಿಷ್ಕ್ರಿಯ ದಳದವರು, 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಉಗ್ರರ ದಾಳಿ ನಡೆದಾಗ ಹುತಾತ್ಮರಾದರು. ಸತ್ತು ಬಿದ್ದಿದ್ದ ಉಗ್ರನ ದೇಹದ ಬಳಿಯಿದ್ದ ಗ್ರೆನೇಡ್ ಸಿಡಿದಿತ್ತು.

ಕೋವಿಯ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಇದೆ. ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ನಂದು ತೋಕ್‌ಪೂ ಎಂಬ ಹೂ ಮುಡಿಸಿಕೊಳ್ಳುವ ಕೋವಿಗೆ ಒಡೆಯನಿದ್ದಾನೆ, ಗುರಿಯಿದೆ. ಕದ್ದು ಇಟ್ಟುಹೋಗುವ ಉಂಡೆಗೆ ಹಂದಿ, ಹಸು, ಕಾಫಿ ಹೆಕ್ಕುವ ಹೆಂಗಸಿನ ಕೈ ಎಲ್ಲವೂ ಒಂದೇ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆ ಬಾಯಿ ಸಿಡಿದು, ಹೊಳೆಯಲ್ಲಿ ನಿಂತೇ ಸತ್ತದ್ದು ಇಂಥದ್ದರಿಂದಲೇ. 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಇದನ್ನು ಇಟ್ಟುಕೊಂಡವರಿಗೆ ಹತ್ತು ವರ್ಷದವರೆಗೆ ಸಜೆಯಾಗಬಹುದು. ಇಟ್ಟವರು ಯಾರೆಂದು ನಿಮ್ಮ ಊರಿನಲ್ಲಿ ಯಾರಿಗೋ ಗೊತ್ತಿರುತ್ತದೆ. ನಾಚಿಕೆಪಡಬೇಕಾದ್ದು ಅಲ್ಲಿ. ಮುಂದೆ ಇಂಥ ಉಂಡೆ ಕಂಡರೆ ಕಲ್ಲು ಎಸೆಯದೆ, ಗುರುತಿಗೆಂದು ಹತ್ತಿರವೂ ಹೋಗದೆ 112ಕ್ಕೆ ಫೋನ್ ಮಾಡಿ.

ಇನ್ನು ಮಗಳ ವಿಚಾರ. ಪೊಲೀಸ್ ದಾರಿ ಹಿಡಿದರೆ ಮೊದಲು ಇಲಾಖೆಗೆ ಸೇರಬೇಕು, ತರಬೇತಿ ಪಡೆದು ದಳಕ್ಕೆ ಬರುವುದು ಆಮೇಲೆ. ಸೇನೆಯಲ್ಲಿ ಈ ಕೆಲಸ ಎಂಜಿನಿಯರ್ಸ್ ವಿಭಾಗದ್ದು, ಪಾಠ ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಎನ್‌ಎಸ್‌ಜಿಗೆ ಸೇನೆ, ಪೊಲೀಸ್ ಪಡೆಗಳಿಂದ ನಿಯೋಜನೆಯ ಮೇಲೆ ಹೋಗುತ್ತಾರೆ. ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಮೇಲೆ ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಹುಡುಗಿಯರಿಗೂ ತೆರೆದಿದೆ. ಯುಪಿಎಸ್‌ಸಿ ಅದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಗಣಿತದ ಪತ್ರಿಕೆ ಇರುತ್ತದೆ. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿದ್ದಾಳೆಯೇ, ಮೊದಲು ಕೇಳಿ.